ಮಾವಿನ ಸೌದೆಯ ವಾರಸುದಾರ

ಸ್ನೇಹಿತರೇ, ಅಂಗಳದ ಮಾವಿನ ಮರ ಕಡಿಸುವವರು ನೆರೆಕರೆಗೆ ಮೊದಲೇ ಹೇಳಿ ಕಡಿಸಿ. ಇವತ್ತು ಬೆಳಿಗ್ಗೆ ಬಿಜೈಯಲ್ಲಿರುವ ನಮ್ಮ ಮನೆಯ ಹೆಂಚಿನ ಮೇಲೆ ವಾಲಿದ್ದ ಮರವನ್ನು ನಾನು ಹೇಳದೆ ಕಡಿಸಿದೆ. ಯುದ್ಧ ಶುರುವಾದ ಮೇಲೆ ಬೇರೆಲ್ಲ ಸಾಮಾನಿನ ಹಾಗೆ ಸೌದೆ ಸಿಗುವುದೂ ಕಷ್ಟ. ಬಚ್ಚಲ ಹಂಡೆಗೆ ವರ್ಷವಿಡೀ ಸಾಕೆಂದು ಹೆಂಡತಿಗೆ ಖುಷಿಯೋ ಖುಷಿ.

ಮರ ಬಿದ್ದ ಸದ್ದಿಗೆ ಪಕ್ಕದ ಮನೆಯ ಕಾಂತಣ್ಣ ಹೆಗಲಿಗೆ ಬೈರಾಸು ಹಾಕಿಕೊಂಡು, ನಾಲ್ಕು ಜನರ ಜೊತೆ ಬಂದರು. ಮಾತಿಲ್ಲದೆ ಕೊಡಲಿ ಎತ್ತಿ ಸೌದೆ ಒಡೆಯತೊಡಗಿದರು. ಎಂಥ ಒಳ್ಳೆಯ ಜನ ಎಂದು ನಾನು ಹಿಗ್ಗಿದೆ. ಅರ್ಧ ಮರ ಮುಗಿದ ಮೇಲೆ ಕಾಂತಣ್ಣ ನನ್ನ ಬೆನ್ನು ಸವರಿದರು.

"ಅಜ್ಜ ಎಷ್ಟು ಹೊತ್ತಿಗೆ ತೀರಿಹೋದದ್ದು?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಹೆಣ ಸುಡುವುದಕ್ಕೆ ಮಾವಿನ ಸೌದೆಯೇ ಆಗಬೇಕು. ನಮ್ಮ ಅಜ್ಜ ಎರಡು ತಿಂಗಳಿಂದ ಹಾಸಿಗೆ ಹಿಡಿದದ್ದು ಎಲ್ಲರಿಗೂ ಗೊತ್ತು.

ಉತ್ತರ ಒಳಗಿನಿಂದಲೇ ಬಂತು. "ನಾನು ಇನ್ನೂ ಇದ್ದೇನೆ ಮಾರಾಯ. ಗಂಜಿಗೆ ಉಪ್ಪಿನಕಾಯಿ ಯಾಕೆ ಹಾಕಲಿಲ್ಲ ಅಂತ ಇವರನ್ನು ಕೇಳು."

ಕಾಂತಣ್ಣ ಮೆಲ್ಲಗೆ ಕೊಡಲಿ ಕೆಳಗಿಟ್ಟರು. ಹೆಂಡತಿ ಸೌದೆಯನ್ನು ಬಚ್ಚಲಿಗೆ ಹೊರಲು ಹೊರಟಾಗ ಅಜ್ಜ ಗೋಡೆ ಹಿಡಿದುಕೊಂಡು ಜಗಲಿಗೇ ಬಂದುಬಿಟ್ಟರು.

"ಅದು ನನಗೆ ಅಂತ ಒಡೆದದ್ದಲ್ವಾ? ಒಂದು ತುಂಡೂ ಮುಟ್ಟಬೇಡಿ."

ಸಂಜೆಯಾಗಿದೆ. ಹಾಸಿಗೆಯಿಂದ ಏಳಲಾರದಿದ್ದ ಅಜ್ಜ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಕೋಲು ಹಿಡಿದು ಸೌದೆ ಕಾಯುತ್ತಿದ್ದಾರೆ. ರಾತ್ರಿಗೆ ಮೀನುಸಾರು ಬೇಕಂತೆ. ನಾನು ತಣ್ಣೀರಲ್ಲೇ ಮಿಂದು ಬಂದು ಇದನ್ನು ಬರೆಯುತ್ತಿದ್ದೇನೆ. ಅಜ್ಜನ ಮುಖದ ಕಳೆ ನೋಡಿದರೆ, ಸೌದೆಗೇ ಮೊದಲು ಗೆದ್ದಲು ಹಿಡಿಯುವ ಹಾಗೆ ಉಂಟು.