ಸಕ್ಕರೆ ಅಂಗಿಯ ಪಾಠ

ಸಿಟ್ಟು ಬಂದರೆ ಗಿರಿಜಕ್ಕೋರು ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ರಾಣೆಬೆನ್ನೂರಿನ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರ ಕನ್ನಡಕ ಸದಾ ಸ್ವಚ್ಛವಾಗಿರುತ್ತಿತ್ತು.

ಹೆಪಟೈಟಿಸ್ ಸಿ ನಮ್ಮ ಪುಸ್ತಕದಲ್ಲಿರಲಿಲ್ಲ, ಅವರೇ ಸೇರಿಸಿದ್ದರು. ಸಕ್ಕರೆ ಹಚ್ಚಿದ ಬಡೇಸೋಪಿನ ಕಾಳೊಂದನ್ನು ಅಂಗೈಯಲ್ಲಿಟ್ಟು, ಒಳಗಿನದು ವೈರಸ್, ಮೇಲಿನದು ಅದರ ಅಂಗಿ ಎನ್ನುತ್ತಿದ್ದರು.

“ಈ ಸಕ್ಕರಿ ಅದರ ಸ್ವಂತದ್ದಲ್ಲ. ನಮ್ಮ ಲಿವರ್‌ನಾಗ ಹೊಕ್ಕು, ನಮ್ಮ ಸಕ್ಕರೀನ ಮೈತುಂಬ ಹೊದ್ಕೊಂಡು ಹೊರಗ ಬರ್ತೈತಿ. ನಮ್ಮವರಂಗ ಕಾಣೋ ಕಳ್ಳನ್ನ ಮೈಯಾಗಿನ ಕಾವಲುಗಾರ್ರು ಹೆಂಗ ಹಿಡೀಬೇಕು?”

ಲಸಿಕೆ ಮಾಡುವವರಿಗೂ ಆ ಅಂಗಿಯೇ ಒಂದು ದೊಡ್ಡ ತೊಡಕು. ಲಸಿಕೆ ಬರುವವರೆಗೆ ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರದಂತೆ ನೋಡಿಕೊಳ್ಳಬೇಕು. ಒಂದೇ ಲೋಟದಲ್ಲಿ ಕುಡಿದರೆ ಈ ರೋಗ ಬರುವುದಿಲ್ಲ. ಇಷ್ಟನ್ನು ಬರೆಸಿ ಪರೀಕ್ಷೆಯಲ್ಲಿ ಕೇಳಿದರು. ನನಗೆ ಐದಕ್ಕೆ ಐದು ಬಂತು.

ಒಮ್ಮೆ ಜ್ವರವೆಂದು ಅವ್ವ ನನ್ನನ್ನು ದವಾಖಾನೆಗೆ ಕರೆದೊಯ್ದಾಗ ಅಕ್ಕೋರೂ ಅಲ್ಲಿದ್ದರು. ಸೂಜಿ ಮಾಡದ ಡಾಕ್ಟರ್ ನಮ್ಮ ಕಡೆ ಡಾಕ್ಟರೇ ಅಲ್ಲ. ಕಂಪೌಂಡರ್ ನನಗಿಂತ ಮೊದಲಿನವರಿಗೆ ಚುಚ್ಚಿದ್ದ ಸೂಜಿಯನ್ನೇ ಬಿಸಿನೀರಿನಲ್ಲಿ ಅದ್ದಿ ನನ್ನತ್ತ ಬಂದ. ಅಕ್ಕೋರು ಕನ್ನಡಕ ಒರೆಸುತ್ತ ಕೂಡಲಿಲ್ಲ, ಆ ಸೂಜಿಯನ್ನು ಕಿತ್ತುಕೊಂಡು ಮುರಿದೇ ಹಾಕಿದರು. ಕೂತಿದ್ದವರೆಲ್ಲ ಬೈದದ್ದು ಅಕ್ಕೋರನ್ನು! ನಮ್ಮವ್ವನೂ ಬೈದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಚಿಕ್ಕಂದಿನಲ್ಲಿ ಅಂಥದೇ ಸೂಜಿ ಅವರಿಗೂ ಚುಚ್ಚಿತ್ತೇನೋ. ನಿವೃತ್ತರಾಗಿ ಬ್ಯಾಡಗಿಯ ತಮ್ಮನ ಮನೆ ಸೇರಿದ ಮೇಲೆ ತಮಗೂ ಅದೇ ರೋಗವಿರುವುದು ಗೊತ್ತಾಯಿತು. ಗುಳಿಗೆಯಿಂದ ವೈರಸ್ ಹೋಯಿತು, ಆದರೆ ಲಿವರ್ ಆಗಲೇ ಕೆಟ್ಟಿತ್ತು. ಅವರು ಮುಚ್ಚಿಡಲಿಲ್ಲ. ಕಂಡವರಿಗೆಲ್ಲ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಬೆನ್ನುಹತ್ತಿದರು. ತಮ್ಮನ ಮನೆಯಲ್ಲೇ ಅವರ ಊಟದ ತಾಟು ಬೇರೆಯಾಯಿತು. ಕಲಿಯದ ಜನ ಎಂದು ನಾನು ಹಲ್ಲು ಕಡಿದೆ.

ಹೋದ ವರ್ಷ ಹಾವೇರಿಯ ನಮ್ಮ ಮನೆಗೂ ಬಂದರು, ನನ್ನನ್ನು ಪರೀಕ್ಷೆಗೆ ಹೊರಡಿಸಲು. ನಾವೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಹಿಡಿದೆವು. ಅವರಿಗೆ ಕಾಗದದ ಲೋಟ ಕೊಟ್ಟವನು ನಾನೇ. ಮನೆಯಲ್ಲಿ ಕೂಸಿದೆ, ಯಾಕೆ ಬೇಕು ಎಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಅಕ್ಕೋರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೈಗುಳಕ್ಕೆ ಕಾದೆ.

“ಈ ಪಾಠಕ್ಕ ನಿನಗ ಐದಕ್ಕ ಐದು ಕೊಟ್ಟಿದ್ದೆ ನೋಡಪಾ,” ಎಂದರು. “ಕಲಿಸಿದಾಕಿ ನಾನ. ತಪ್ಪು ನಂದ ಇರಬೇಕು.”

ಚಹಾ ಮುಗಿಸಿ, ನಾವು ಮುಟ್ಟುವ ಪ್ರಸಂಗ ಬಾರದಿರಲೆಂದು ಆ ಲೋಟವನ್ನು ಮುದುರಿ ತಮ್ಮ ಚೀಲಕ್ಕೇ ಹಾಕಿಕೊಂಡು ಎದ್ದರು. ಮೂರು ತಿಂಗಳಿಗೆ ತೀರಿಕೊಂಡರು. ನಾನು ಕಂಡಂತೆ ಅವರು ಕನ್ನಡಕ ಒರೆಸಿಯೂ ಬೈಯದೆ ಹೋದದ್ದು ಅದೊಂದೇ ಸಲ.