ಮರೆತವಳು ನೀನಲ್ಲ

ಡಾಕ್ಟರ್ ಕೇಳಿದಾಗ ನಾನು ಸುಳ್ಳು ಹೇಳಿದೆ, ಸಹನಾ. ಮರೆತು ಹೇಳಿದ್ದಲ್ಲ—ಗೊತ್ತಿದ್ದೇ ಹೇಳಿದೆ.

ಆ ಬೇಸಿಗೆ ರಜೆಗೆ ನಾವಿಬ್ಬರೂ ಚಿಮ್ಮಡದ ನನ್ನ ತವರಿಗೆ ಹೋಗಿದ್ದೆವು. ನಿನಗಾಗ ಹನ್ನೊಂದು. ಒಂದು ಬೆಳಗ್ಗೆ ನೀನು ಬಲಗಣ್ಣು ಮಂಜಾಗಿದೆ, ಹೊರಳಿಸಿದರೆ ನೋಯುತ್ತದೆ ಎಂದೆ. ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ ಎಂದೂ ಹೇಳಿದ್ದೆ. ನಾನು ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದೆ. ಮೂರು ವಾರಕ್ಕೆ ಕಣ್ಣು ಸರಿಹೋಯಿತು. ಬನಹಟ್ಟಿಯ ಮನೆಗೆ ಮರಳುವಾಗ ಬಸ್ಸಿನಲ್ಲೇ ನಿನಗೆ ತಾಕೀತು ಮಾಡಿದೆ: "ಆಯಿ ಮುಂದ ಕಣ್ಣಿನ ಮಾತು ತಗೀಬ್ಯಾಡ." ನಿನ್ನ ಆಯಿ, ಅಂದರೆ ನನ್ನ ಅತ್ತೆ, ತವರಿನಲ್ಲಿ ನಿನಗೊಂದು ಕೆಮ್ಮು ಬಂದರೂ ವಾರಗಟ್ಟಲೆ ನನ್ನನ್ನು ಅನ್ನುತ್ತಿದ್ದರು. ಮುಂದಿನ ರಜೆಗೆ ಕಳಿಸಲಿಕ್ಕಿಲ್ಲ ಎಂಬ ಹೆದರಿಕೆ—ಅಷ್ಟೇ. ಅಷ್ಟಕ್ಕೇ.

ಚಳಿಗಾಲದಲ್ಲಿ ನಿನ್ನ ಎರಡೂ ಕಾಲು ಜೋಮು ಹಿಡಿದು, ಎದ್ದು ನಿಲ್ಲಲೂ ಆಗದೆ ಹೋಯಿತು. ನಿನ್ನ ಅಪ್ಪ ಮಗ್ಗ ನಿಲ್ಲಿಸಿ ಓಡಿ ಬಂದರು. ನಾಲ್ವರೂ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರ್ ಕೇಳಿದರು—

"ಇದಕ್ಕೂ ಮೊದ್ಲ ಹಿಂಗೇನಾರ ಆಗಿತ್ತೇನ್ರಿ? ಕೈಕಾಲಿಗೆ, ಕಣ್ಣಿಗೆ?"

ಆಯಿ ಪಕ್ಕದಲ್ಲೇ ನಿಂತಿದ್ದರು. ನೀನು ಬಾಯಿ ತೆರೆದೆ. ನಾನು ನಿನ್ನ ಕೈ ಅದುಮಿದೆ.

"ಇಲ್ರಿ," ಎಂದೆ.

ಇಂಥದ್ದು ಒಮ್ಮೆ ಬಂದು ಹೋಗುವುದೂ ಉಂಟು ಎಂದರು ಅವರು. ಸ್ಟೆರಾಯ್ಡ್ ಕೊಟ್ಟರು. ನೀನು ಮತ್ತೆ ನಡೆದೆ. ನಾನು—ಹೇಗೆ ಹೇಳಲಿ—ಪಾರಾದೆ ಅಂದುಕೊಂಡೆ.

ವರ್ಷದೊಳಗೆ ಮೂರನೆಯ ಸಲ. ಈ ಬಾರಿ ಎಡಗಾಲು. ತಲೆ, ಬೆನ್ನುಹುರಿಯ ಸ್ಕ್ಯಾನ್ ಆಯಿತು. ಬೆನ್ನಿನಿಂದ ನೀರು ತೆಗೆದರು. ರೋಗಕ್ಕೆ ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುತ್ತದೆ, ಮಕ್ಕಳಿಗೆ ಅಪರೂಪ, ಹೀಗೆ ಬಿಟ್ಟು ಬಿಟ್ಟು ಬರುತ್ತದೆ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಸ್ಕ್ಯಾನಿನಲ್ಲಿ ಹಳೆಯ ಕಲೆಗಳನ್ನು ತೋರಿಸಿ, ಮತ್ತೆ ಅದೇ ಪ್ರಶ್ನೆ. ಈ ಸಲ ಕಣ್ಣಿನ ವಿಷಯ ನೀನೇ ಹೇಳಿಬಿಟ್ಟೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ಇದು ಆಗ ಗೊತ್ತಿದ್ರ, ತಡಿಯೋ ಔಷಧ ಆವಾಗ್ಲೇ ಸುರು ಮಾಡ್ತಿದ್ವಿ."

ಹೊರಗೆ ಬಂದ ಮೇಲೆ ಅಪ್ಪ ಕೇಳಿದರು: "ಆವತ್ತ ಯಾಕ ಯಾರೂ ಹೇಳಲಿಲ್ಲ?"

ನೀನು ನನ್ನ ಮುಖ ನೋಡಿದೆ. ಆಮೇಲೆ ಅಂದೆ: "ನಂಗ ನೆನಪಾಗಲಿಲ್ಲಪ್ಪಾ."

ಹನ್ನೆರಡು ವರ್ಷದ ಮಗು ನನ್ನ ತಪ್ಪನ್ನು ತಾನು ಹೊತ್ತುಕೊಂಡಿತು. ನಾನು—ಹೊರಲು ಬಿಟ್ಟೆ.

ಅದಾಗಿ ಎರಡು ವರ್ಷ. ಔಷಧ ಹಿಡಿದಿದೆ, ಮತ್ತೆ ಮರುಕಳಿಸಿಲ್ಲ. ಎಡಗಾಲು ಮಾತ್ರ ಇನ್ನೂ ಎಳೆಯುತ್ತದೆ. ಬಂದವರಿಗೆಲ್ಲ ಆಯಿ "ಹುಡುಗಿ ಮರತಿತ್ತರಿ" ಎನ್ನುವಾಗ ನಾನು ಚಹಾ ಸೋಸುತ್ತ ಅಡುಗೆಮನೆಯಲ್ಲೇ ಉಳಿಯುತ್ತಿದ್ದೆ. ಮೊನ್ನೆ ಕಟ್ಟೆಯ ಮೇಲೆ ಗೆಳತಿಗೆ ನೀನು ಹೇಳುತ್ತಿದ್ದುದು ಕೇಳಿಸಿತು: "ನಾ ಮರತಿದ್ನಿ, ಅದಕ್ಕ ಹಿಂಗಾತು." ನನ್ನನ್ನು ಕಾಪಾಡಲು ಹೇಳಿದ್ದಲ್ಲ ಅದು. ನಾನು ಅಲ್ಲಿರುವುದೇ ನಿನಗೆ ಗೊತ್ತಿರಲಿಲ್ಲ. ನೀನು ಅದನ್ನು ನಂಬಿಬಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಅಪ್ಪನಿಗೂ ಆಯಿಗೂ ಎಲ್ಲ ಹೇಳಿದೆ. ಅಪ್ಪ ಊಟ ಬಿಟ್ಟು ಎದ್ದು ಹೋದರು. ಆಯಿ ಅವರ ತಾಟನ್ನು ಮುಚ್ಚಿಟ್ಟರು.

ಈಗ ನೀನು ಶಾಲೆಯಿಂದ ಬರುವ ಹೊತ್ತು. ಈ ಬರೆದದ್ದನ್ನು ನಿನಗೆ ಓದಲು ಕೊಡುವುದಿಲ್ಲ, ಎದುರು ಕೂತು ಬಾಯಿಬಿಟ್ಟೇ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ—ಕೇಳಿದರೆ ನೀನು ಕ್ಷಮಿಸಿಬಿಡುತ್ತೀ.