ರಸ್ತೆಗೆ ಬೆನ್ನು ಮಾಡಿದ ಬೆಂಚು

ಹಸಿ ಎಣ್ಣೆಬಣ್ಣದ ವಾಸನೆ ಬಂದರೆ ಕೆಲವರಿಗೆ ತಲೆ ನೋಯುತ್ತದೆ. ನನಗೆ ನಮ್ಮ ಮಾವನವರ ನೆನಪಾಗುತ್ತದೆ. ಮೊನ್ನೆ ಸಂಜೆ ಬೈಲಹೊಂಗಲದ ಸಾರ್ವಜನಿಕ ತೋಟದಲ್ಲಿ ಹಾಗೇ ಆಯಿತು. ಬೆಂಚುಗಳಿಗೆಲ್ಲ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ನಮ್ಮವರು ಒಂದು ಬೆಂಚಿಗೆ ಬೆರಳು ತಾಗಿಸಿ, ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಪೇಪರು ಹಾಸಿ ಕುಳಿತರು. ನಾನು ಪಕ್ಕದಲ್ಲಿ ನಿಂತೆ.

"ಕೂಡ ಬಾ," ಎಂದರು.

"ಇರಲಿ ಬಿಡ್ರಿ. ನಿಂತರನ ನನ್ನ ನಡಕ್ಕ ಆರಾಮ ಅನಸ್ತದ."

ಈ ಮಾತನ್ನು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ. ನನ್ನ ನಡುವಿಗೆ ಏನೂ ಆಗಿಲ್ಲ. ನಿಮ್ಮ ಮುಂದೆ ಹೇಳಲು ಅಡ್ಡಿಯಿಲ್ಲ.

ಈ ತೋಟದ ನಕ್ಷೆ ಮಾಡಿದವರು ನಮ್ಮ ಮಾವನವರು, ಅಂದರೆ ನಮ್ಮವರ ತಂದೆ. ಮುನಸಿಪಾಲಿಟಿಯಲ್ಲಿ ಓವರ್ಸಿಯರ್ ಆಗಿದ್ದರು. ನಾನು ಸೊಸೆಯಾಗಿ ಬಂದಾಗ ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷವಾಗಿತ್ತು. ಊರಿಗೊಂದು ತೋಟ ಬೇಕೆಂಬ ಹುಮ್ಮಸ್ಸು ಎಲ್ಲರಿಗೂ ಇತ್ತು. ಪುಣೆಯಲ್ಲಿ ಓದುವಾಗ ಕಂಡದ್ದನ್ನೆಲ್ಲ ನೆನಪಿಸಿಕೊಂಡು ಮಾವನವರು ದುಂಡನೆಯ ದಾರಿ, ನಡುವೆ ಕಾರಂಜಿ, ದಾರಿಯ ಗುಂಟ ಸಾಗವಾನಿ ಬೆಂಚು ಎಲ್ಲ ಮಾಡಿಸಿದ್ದರು. ಕಾರಂಜಿಯಲ್ಲಿ ನೀರು ಬಂದದ್ದು ಉದ್ಘಾಟನೆಯ ದಿನ ಮಾತ್ರ ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಆಮೇಲೂ ಒಂದೆರಡು ಸಲ ಬಂದಿತ್ತು, ನಾನೇ ನೋಡಿದ್ದೇನೆ.

ಮಂದಿ ಮಾತ್ರ ನಕ್ಷೆಯ ಮಾತು ಕೇಳಲಿಲ್ಲ. ಮುರಗೋಡ, ಸಿರಸಂಗಿ ಕಡೆಯಿಂದ ಹತ್ತಿಯ ಗಾಡಿ ಹೊಡೆದುಕೊಂಡು ಬಂದ ರೈತರು ಬುತ್ತಿಯ ಗಂಟನ್ನು ಬೆಂಚಿನ ಮೇಲಿಟ್ಟು ತಾವು ನೆಲದ ಮೇಲೆ ಕೂಡುತ್ತಿದ್ದರು. ಒಮ್ಮೆ ಮಾವನವರು ಹೋಗಿ ಕೇಳಿಯೇಬಿಟ್ಟರಂತೆ.

"ಬುತ್ತಿ ನೆಲಕ್ಕ ಇಡಬಾರದಲ್ರೀ ಸಾಹೇಬ್ರ. ಅದಕೂ ಒಂದು ಜಾಗಾ ಬೇಕ ಐತಿ," ಎಂದನಂತೆ ಆ ಯಜಮಾನ.

ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಮಾವನವರು ಆ ದಿನ ಊಟಕ್ಕೆ ಕೂತಾಗ ಇದನ್ನೇ ಮೂರು ಸಲ ಹೇಳಿ ನಕ್ಕರು. ಅಂದಿನಿಂದ ಅವರಿಗೆ ಮಂದಿಯನ್ನು ನೋಡುವ ಹುಚ್ಚು ಹಿಡಿಯಿತು. ಸಂಜೆಯಾದರೆ ನಶ್ಯದ ಡಬ್ಬಿ ಹಿಡಿದುಕೊಂಡು ತೋಟದಲ್ಲಿ ಹಾಜರು. ಪೆನ್ಷನ್ ಮುದುಕರು ಒಬ್ಬೊಬ್ಬರೇ ಒಂದೊಂದು ಬೆಂಚಿನ ತುದಿಗೆ ಕೂಡುತ್ತಾರೆ. ಗುರುತಿನವ ಬಂದ ಮೇಲೇ ನಡುವಿಗೆ ಸರಿಯುತ್ತಾರೆ. ಹುಡುಗರು ಬೆಂಚಿನ ಮೇಲಲ್ಲ, ಅಡಿಯಲ್ಲಿ. ಅವಸರದಲ್ಲಿದ್ದವರು ದುಂಡನೆಯ ದಾರಿ ಬಿಟ್ಟು ಹುಲ್ಲು ತುಳಿದು ನೆಟ್ಟಗೆ ಹೋಗುತ್ತಾರೆ. ಮಾವನವರು ಅಡ್ಡ ಹಾಕಿದ್ದ ತಂತಿಯನ್ನೇ ತೆಗೆಸಿ, ಮಂದಿ ತುಳಿದಲ್ಲಿ ಕಲ್ಲು ಹಾಸಿಸಿದರು. ನೀವೂ ಯಾವುದಾದರೂ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ಸುಮ್ಮನೆ ಕೂತು ನೋಡಿರಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇಷ್ಟೆಲ್ಲ ತಿಳಿದವರಿಗೆ ಒಬ್ಬರು ಮಾತ್ರ ಬಗೆಹರಿಯಲಿಲ್ಲ. ಅದು ನಮ್ಮ ಅತ್ತೆಯವರು.

ಅತ್ತೆಯವರಿಗೆ ಆ ವರ್ಷ ದಮ್ಮು ಹತ್ತಿತ್ತು. ದಿನಾ ಸಂಜೆ ನಡೆಯಬೇಕು, ಆದರೆ ನಡುವೆ ಕೂತು ದಣಿವಾರಿಸಿಕೊಳ್ಳಲೇಬೇಕು ಎಂದು ಡಾಕ್ಟರು ತಾಕೀತು ಮಾಡಿದ್ದರು. ನಾನು ಅವರ ಜೊತೆಗೆ ಹೋಗುತ್ತಿದ್ದೆ. ತೋಟದವರೆಗೆ ನಡೆಯುವರು, ಬೆಂಚಿನ ಹತ್ತಿರ ನಿಂತು ಏದುಸಿರು ಬಿಡುವರು, ಹಾಗೇ ತಿರುಗುವರು. ಒಂದು ಸಂಜೆ ಬೇವಿನ ಮರ ಹಿಡಿದುಕೊಂಡು ನಿಂತುಬಿಟ್ಟರು, ತುಟಿ ನೀಲಿಯಾಗಿತ್ತು. ಕೈ ಹಿಡಿದು ಬೆಂಚಿನತ್ತ ಎಳೆದೆ. ಆಗಲೂ ಕೂಡಲಿಲ್ಲ.

ಮಾವನವರು ಹಗಲೆಲ್ಲ ಅದೇ ಯೋಚನೆಯಲ್ಲಿ ಇರುತ್ತಿದ್ದರು. ಬೆಂಚು ಎತ್ತರವಾಯಿತೇನೋ ಎಂದು ಒಂದರ ಕಾಲು ಕೊಯ್ಯಿಸಿ ತಗ್ಗು ಮಾಡಿಸಿದರು. ರಸ್ತೆಯಾಚೆ ಹತ್ತಿಯ ದಲಾಲಿ ನಡೆಸುವ ಅಡತಿ ಅಂಗಡಿಯ ಗಂಡಸರು ನೋಡುತ್ತಾರೆಂದು ಸಂಕೋಚವಿರಬೇಕೆಂದು ಆ ಬೆಂಚನ್ನು ತಿರುಗಿಸಿ ರಸ್ತೆಗೆ ಬೆನ್ನು ಮಾಡಿಸಿದರು. ಹೊಸ ಬಣ್ಣ ಬಳಿಸಿದರು. ತಮ್ಮ ಯುಕ್ತಿ ಫಲಿಸಿತೋ ಇಲ್ಲವೋ ನೋಡಲು ದಿನಾ ಎದುರಿನ ಬೆಂಚಿನ ಮೇಲೆ ಕೂತು, ಎತ್ತಲೋ ನೋಡುವವರ ಹಾಗೆ ನೋಡುತ್ತಿದ್ದರು. ಅತ್ತೆಯವರು ಬರುವರು, ನಿಲ್ಲುವರು, ತಿರುಗುವರು.

"ಇನ್ನೇನು ಮಾಡ್ಲೆವಾ?" ಎಂದು ನನ್ನನ್ನು ಕೇಳಿದರು. "ಬಣ್ಣದ ವಾಸನಿ ಒಗ್ಗೂದಿಲ್ಲೇನು ಆಕಿಗೆ?"

ಮರುದಿನ ಅತ್ತೆಯವರು ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತ ಕೂತಾಗ ಕೇಳಿದೆ. "ಅತ್ತ್ಯಾರ, ಚೂರು ಕೂತರ ಏನಾಗ್ತದ್ರಿ?"

ಅವರು ತಲೆ ಎತ್ತದೆ ಹೇಳಿದರು. "ಎದರಿಗೇ ಅವರು ಕೂತಿರತಾರಲ್ಲ. ಅವರ ಮುಂದ ಅವರ ಸರಿಸಮ ಹೆಂಗ ಕೂಡ್ಲಿ? ಮದವಿ ಮಣಿ ಮ್ಯಾಲ ಕೂತದ್ದು ಬಿಟ್ಟರ ಎಂದರ ಕೂತೇನೇನು?"

ನನಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಸೊಸೆ ಇಂಥದ್ದನ್ನು ಮಾವನ ಮುಂದೆ ಹೇಳುವುದು ಹೇಗೆ? ಆದರೆ ಆ ನೀಲಿ ತುಟಿ ಕಣ್ಣ ಮುಂದಿತ್ತು. ಬಾಗಿಲ ಮರೆಯಲ್ಲಿ ನಿಂತು ಹೇಳಿದೆ. "ಮಾವನ್ನೋರ, ಎದರಿಗೆ ನೀವು ಇರತೀರಲ್ರಿ, ಅದಕ್ಕ ಕೂಡೂದಿಲ್ಲರಿ."

ಮೂಗಿನ ಹತ್ತಿರ ಹೋಗಿದ್ದ ನಶ್ಯದ ಚಿಟಿಕೆ ಅಲ್ಲೇ ನಿಂತಿತು. ಅದನ್ನು ತಿರುಗಿ ಡಬ್ಬಿಗೆ ಹಾಕಿ, "ನಕ್ಷೆದಾಗ ನನ್ನ ಹಾಕೂದ ಮರತಿದ್ದೆ ನೋಡವಾ," ಎಂದರು.

ಮರುದಿನದಿಂದ ಅವರು ಸಂಜೆ ಮನೆಯಲ್ಲೇ ಉಳಿದರು. ಅತ್ತೆಯವರು ಕೂತರು. ತಿರುಗಿ ಬಂದ ಕೂಡಲೆ ಮಾವನವರು ಸನ್ನೆ ಮಾಡಿ ನನ್ನನ್ನು ಕರೆಯುವರು. "ಕೂತಳೇನು? ಬೆನ್ನು ಆನಿಸಿದಳೋ ಇಲ್ಲೋ? ಕಾಲು ನೆಲಕ್ಕ ಮುಟ್ಟತಾವೇನು?" ನಾನು ವರದಿ ಒಪ್ಪಿಸುತ್ತಿದ್ದೆ. ಊರ ಮಂದಿಯನ್ನೆಲ್ಲ ನೋಡಿದವರಿಗೆ, ಯಾರಿಗಾಗಿ ಆ ಬೆಂಚು ತಿರುಗಿಸಿದರೋ ಅವರು ಕೂತದ್ದನ್ನು ನೋಡುವ ಹಾಗಿರಲಿಲ್ಲ. ನನಗೆ ಅವರನ್ನು ಕಂಡು ತುಂಬ ಕನಿಕರವಾಗುತ್ತಿತ್ತು.

ಹೀಗೇ ಕೆಲವು ತಿಂಗಳು ಕಳೆದವು. ಒಂದು ಸಂಜೆ ನಾವಿಬ್ಬರೂ ಕೂತಿದ್ದಾಗ ಹಿಂದಿನ ರಸ್ತೆಯಲ್ಲಿ ಚಪ್ಪಲಿಯ ಕಿರ್ ಕಿರ್ ಸದ್ದು ಕೇಳಿತು. ಮಾವನವರ ಚಪ್ಪಲಿಯ ಆ ಸದ್ದು ಇಡೀ ಓಣಿಗೆ ಗುರುತು. ಸದ್ದು ನಿಧಾನವಾಯಿತು. ಸರಿಯಾಗಿ ನಮ್ಮ ಬೆನ್ನ ಹಿಂದೆ ನಿಂತಿತು. ಇನ್ನು ಅತ್ತೆಯವರು ಎದ್ದುಬಿಡುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ. ಅತ್ತೆಯವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕೈ ಮತ್ತೆ ತೊಡೆಯ ಮೇಲೆ ಬಂತು. ತಿರುಗಿ ನೋಡಲಿಲ್ಲ. ಏಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಸದ್ದು ಮುಂದೆ ಹೋಯಿತು.

"ಇವತ್ತ ಗಾಳಿ ಛಲೋ ಅದ," ಎಂದರು ಅತ್ತೆಯವರು.

ಆ ದಿನ ಮಾವನವರು ನನ್ನನ್ನು ಏನೂ ಕೇಳಲಿಲ್ಲ.

ಈಗ ಇಬ್ಬರೂ ಇಲ್ಲ. ಮಹಿಳಾ ಮಂಡಳದಲ್ಲಿ ಸ್ತ್ರೀಯರ ಸಮಾನತೆಯ ಬಗ್ಗೆ ತಾಸುಗಟ್ಟಲೆ ಭಾಷಣ ಬಿಗಿದವಳು ನಾನು; ಮೊನ್ನೆ ಅದೇ ತೋಟದಲ್ಲಿ, ಗಂಡ ಅರ್ಧ ಬೆಂಚು ಖಾಲಿ ಬಿಟ್ಟು ಕೂತಿದ್ದರೂ, ಕಂಬದ ಹಾಗೆ ನಿಂತಿದ್ದೆ. ನಿಲ್ಲು ಎಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆಯವರ ಆ ಕೈ ನೆನಪಾಯಿತು. ಹೋಗಿ ನಮ್ಮವರ ಪಕ್ಕದಲ್ಲಿ ಕೂತುಬಿಟ್ಟೆ.

ನಮ್ಮವರು ಕನ್ನಡಕ ಸರಿಸಿ ನೋಡಿದರು. "ನಡಾ ನೋಯೂದಿಲ್ಲೇನು?"

"ಇಲ್ರಿ," ಎಂದೆ.

ಅವರು ಪರೀಕ್ಷೆ ಮಾಡಿದ್ದು ತಮ್ಮ ಕಡೆಯ ಬಣ್ಣವನ್ನು ಮಾತ್ರ. ನನ್ನ ಕಡೆಯದು ಇನ್ನೂ ಹಸಿಯಿತ್ತು.

"ಏ, ಏಳ ಏಳ, ಸೀರಿ ಹಾಳಾತು!" ಎಂದರು.

ನಾನು ಏಳಲಿಲ್ಲ.